ಎರಡು ಗಂಟೆಯ ಬಿಸಿಲು

ರೋಮ್‌ನಿಂದ ಉತ್ತರಕ್ಕೆ 60 ಕಿಲೋಮೀಟರ್ ಆಸುಪಾಸಿನಲ್ಲಿರುವ ಚಿವಿತಾ ಕಸ್ತೆಲ್ಲಾನಾ, ಇಟಲಿಯವರ ಮಟ್ಟಿಗೆ ಕಮೋಡಿನ ಊರು. ಸುತ್ತಲೂ ಪಿಂಗಾಣಿ ಕಾರ್ಖಾನೆಗಳು. ದೇಶದ ಎಷ್ಟೋ ಬಚ್ಚಲುಮನೆಗಳ ವಾಷ್‌ಬೇಸಿನ್ನು ಹುಟ್ಟುವುದು ಇಲ್ಲೇ. ಫ್ಲಾರೆನ್ಸ್, ವೆನಿಸ್‌ಗೆ ಹೋಗುವ ಪ್ರವಾಸಿ ಬಸ್ಸುಗಳು ಈ ಕಡೆ ತಲೆ ಹಾಕುವುದಿಲ್ಲ. ಆದರೂ ಜೂನ್ ಬಂತೆಂದರೆ ಬೆಳಗ್ಗೆ ಆರೂವರೆಗೆಲ್ಲ ಹೆಗಲಿಗೆ ಈಸೆಲ್ ಏರಿಸಿಕೊಂಡ ಪರದೇಶಿಗಳು ಗಲ್ಲಿಗಲ್ಲಿಯಿಂದ ಹೊರಬಂದು ಊರಂಚಿನ ಕಂದರದ ಕಡೆ ನಡೆಯುತ್ತಾರೆ. ಬೇಸಿಗೆ ಕಲಾ ತರಗತಿಯ ವಿದ್ಯಾರ್ಥಿಗಳು. ಒಂದು ವರ್ಷ ಆ ಗುಂಪಿನಲ್ಲಿ ನಾನೂ ಇದ್ದೆ.

ಊರು ಕೂತಿರುವುದು ಟೂಫಾ ಕಲ್ಲಿನ ಒಂದು ದಿಬ್ಬದ ಮೇಲೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು ಅದು. ತ್ರೇಯಾ ನದಿಯೂ ಅದರ ಜೊತೆಗಾರ ಹಳ್ಳಗಳೂ ಆ ಕಲ್ಲನ್ನು ಕೊರೆದು ಕೊರೆದು ಊರಿನ ಸುತ್ತ ಆಳವಾದ ಕಮರಿ ಮಾಡಿವೆ. ಬಿಸಿಲು ಬಿದ್ದಾಗ ಬಂಡೆ ಹುರಿದ ಜೋಳದ ಬಣ್ಣ. ಅದೇ ಬಂಡೆ ನೆರಳಿಗೆ ಸರಿದರೆ ನೀಲಿ-ನೇರಳೆ ಬೂದು. ಎರಡರ ನಡುವಿನ ಗೆರೆ ಚಾಕುವಿನಲ್ಲಿ ಕೊಯ್ದಂತಿರುತ್ತದೆ. ದೂರದಲ್ಲಿ ಬಯಲಿನ ನಡುವೆ ಒಂಟಿಯಾಗಿ ಎದ್ದಿರುವ ಸೊರಾತ್ತೆ ಬೆಟ್ಟ, 691 ಮೀಟರ್. ನಮ್ಮ ನಂದಿಯ ಅರ್ಧವೂ ಇಲ್ಲ. ಆದರೆ ನೋಡಲು ಅಡ್ಡಿಯಾಗುವ ಇನ್ನೊಂದು ಗುಡ್ಡ ಪಕ್ಕದಲ್ಲಿಲ್ಲದ ಕಾರಣ ದೊಡ್ಡದಾಗಿಯೇ ಕಾಣುತ್ತದೆ.

ಚಿತ್ರಕಾರರು ಈ ಊರಿಗೆ ಬರುವುದು ಕಮೀಲ್ ಕೊರೊನ ಹೆಸರು ಹಿಡಿದುಕೊಂಡು. ಪ್ಯಾರಿಸ್‌ನಲ್ಲಿ ಹೆಂಗಸರ ಟೋಪಿ ಅಂಗಡಿ ಇಟ್ಟಿದ್ದ ದಂಪತಿಯ ಮಗ. ಅಪ್ಪ ಅವನನ್ನು ಬಟ್ಟೆ ವ್ಯಾಪಾರಕ್ಕೆ ಹಚ್ಚಿದ, ಹತ್ತಲಿಲ್ಲ. 26ರ ವಯಸ್ಸಿಗೆ, ತೀರಿಹೋದ ಮಗಳ ಪಾಲಿಗೆ ಹೋಗುತ್ತಿದ್ದ ವಾರ್ಷಿಕ 1,500 ಫ್ರಾಂಕ್ ಮಗನಿಗೆ ತಿರುಗಿಸಿ ‘ಏನಾದರೂ ಮಾಡಿಕೋ’ ಎಂದು ಬಿಟ್ಟುಬಿಟ್ಟರು. 1825ರ ಕೊನೆಗೆ ಕೊರೊ ಇಟಲಿಗೆ ಬಂದ, 1828ರವರೆಗೆ ಉಳಿದ. 1826ರಲ್ಲೊಮ್ಮೆ, 1827ರಲ್ಲೊಮ್ಮೆ ಚಿವಿತಾ ಕಸ್ತೆಲ್ಲಾನಾದಲ್ಲಿ ಬೀಡುಬಿಟ್ಟು ಈ ಬಂಡೆ, ಈ ಮರ, ಈ ಬೆಟ್ಟವನ್ನು ಪೆನ್ಸಿಲ್ಲಿನಲ್ಲಿ, ಎಣ್ಣೆಬಣ್ಣದಲ್ಲಿ ಮತ್ತೆ ಮತ್ತೆ ಬರೆದ. ಆ ಚಿತ್ರಗಳಲ್ಲಿ ಹಲವು ಈಗ ದೊಡ್ಡ ದೊಡ್ಡ ಮ್ಯೂಸಿಯಂ ಸೇರಿವೆ. ಬಂಡೆ ಮಾತ್ರ ಇಲ್ಲೇ ಇದೆ.

ಹೊರಗೆ ಕೂತು ಚಿತ್ರ ಬರೆಯುವುದೆಂದರೆ ಇಂಪ್ರೆಷನಿಸ್ಟರು, ಮೋನೆ, 1870ರ ದಶಕ ಎಂದು ನಮ್ಮ ಕಲಾಶಾಲೆಗಳಲ್ಲಿ ಇಂದಿಗೂ ಹೇಳಿಕೊಡುತ್ತಾರೆ. ಅದು ಅರ್ಧ ಸತ್ಯ. ಮೋನೆ ಹುಟ್ಟುವುದಕ್ಕೆ 40 ವರ್ಷ ಮೊದಲೇ, 1800ರಲ್ಲಿ, ಪಿಯೆರ್-ಆನ್ರಿ ದ ವಲಾನ್ಸಿಯೆನ್ ಎಂಬ ಫ್ರೆಂಚ್ ಮೇಷ್ಟ್ರು ಪರ್ಸ್ಪೆಕ್ಟಿವ್ ಕುರಿತ ತನ್ನ ದಪ್ಪ ಪುಸ್ತಕದಲ್ಲಿ ಹೊರಾಂಗಣ ಅಧ್ಯಯನಕ್ಕೆ ನಿಯಮ ಬರೆದಿಟ್ಟಿದ್ದ. ಒಂದು ಚಿತ್ರಕ್ಕೆ ಹೆಚ್ಚೆಂದರೆ ಎರಡು ಗಂಟೆ. ಸೂರ್ಯೋದಯ, ಸೂರ್ಯಾಸ್ತವಾದರೆ ಅರ್ಧ ಗಂಟೆ. ಅಷ್ಟರಲ್ಲಿ ಮುಗಿಯದಿದ್ದರೆ ಕುಂಚ ಕೆಳಗಿಡಬೇಕು.

ಈ ಗಡುವು ಮೇಷ್ಟ್ರ ಹಟವಲ್ಲ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಬರೆಯಲು ಕೂತಾಗ ಗೋಡೆಯ ಎಡಕ್ಕಿದ್ದ ನೆರಳು ಎರಡು ಗಂಟೆಯಲ್ಲಿ ಬಾಗಿಲು ದಾಟಿರುತ್ತದೆ. ಆಮೇಲೂ ಬರೆಯುತ್ತಾ ಹೋದರೆ ಒಂದೇ ಚಿತ್ರದಲ್ಲಿ ಚರ್ಚಿನ ಗೋಪುರಕ್ಕೆ ಎಂಟು ಗಂಟೆಯ ಬಿಸಿಲು, ಪಕ್ಕದ ಸೂರಿಗೆ ಹನ್ನೊಂದರ ಬಿಸಿಲು. ಕೊರೊ ಇದಕ್ಕೆ ಹುಡುಕಿಕೊಂಡ ದಾರಿ ಸರಳವಾಗಿತ್ತು. 1826ರ ಮಾರ್ಚ್‌ನಲ್ಲಿ ರೋಮ್‌ನ ಫರ್ನೇಸೆ ಉದ್ಯಾನದ ಎತ್ತರದಲ್ಲಿ ಕೂತು ಮೂರು ಚಿತ್ರ ಒಟ್ಟಿಗೆ ಹಿಡಿದ: ಬೆಳಗಿನದೊಂದು, ಮಧ್ಯಾಹ್ನಕ್ಕೆ ಕೊಲೋಸಿಯಂ, ಸಂಜೆಗೆ ಫೋರಮ್. ಮರುದಿನ ಅದೇ ಹೊತ್ತಿಗೆ ಅದೇ ಚಿತ್ರ. ನಮ್ಮ ತರಗತಿಯ ವೇಳಾಪಟ್ಟಿಯೂ ಅಲ್ಲಿಂದಲೇ ಎತ್ತಿದ್ದು. ಬೆಳಗಿಗೊಂದು ಬೋರ್ಡು, ಸಂಜೆಗೊಂದು. ಮಧ್ಯಾಹ್ನ ಊರೇ ಅಂಗಡಿ ಮುಚ್ಚಿ ಮಲಗುತ್ತದೆ, ನಾವೂ ಮಲಗಬೇಕು.

ಮೊದಲ ವಾರ ಬಣ್ಣ ಮುಟ್ಟುವಂತಿರಲಿಲ್ಲ. ಬರೀ ಪೆನ್ಸಿಲ್ಲು, ಇದ್ದಿಲು. ರಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ಕಿಟಕಿ ಕೊರೆದು ಒಂದು ಕಣ್ಣು ಮುಚ್ಚಿ ಅದರ ಮೂಲಕ ನೋಡಬೇಕು. ಕಿಟಕಿಯೊಳಗೆ ಬಂದದ್ದಷ್ಟೇ ನಿಮ್ಮದು, ಮಿಕ್ಕ ಇಟಲಿ ನಿಮಗೆ ಸೇರಿದ್ದಲ್ಲ. ಆಮೇಲೆ ಕಣ್ಣು ಕಿರಿದು ಮಾಡಿ ನೋಡಬೇಕು. ಎಲೆ, ಹೆಂಚು, ಕಿಟಕಿಯ ಸರಳು ಎಲ್ಲ ಕರಗಿ ಮೂರೋ ನಾಲ್ಕೋ ದೊಡ್ಡ ತುಂಡು ಉಳಿಯುತ್ತವೆ: ಕಪ್ಪು, ನಡುಬೂದು, ಬಿಳುಪು. ಮೊದಲು ನೆರಳಿನ ಆಕಾರ ಗುರುತು ಹಾಕಿ ಕೂಡಲೇ ತುಂಬಬೇಕು, ಯಾಕೆಂದರೆ ಓಡಿಹೋಗುವುದು ಅದೇ. ಅರ್ಧ ಗಂಟೆಯ ನಂತರ ನಿಜವಾದ ನೆರಳು ಎಲ್ಲಿಗೇ ಹೋಗಲಿ, ಕಾಗದದ ಮೇಲಿನದನ್ನು ಮುಟ್ಟಬಾರದು. ಕೇಳಲು ಸುಲಭ. ಕಣ್ಣೆದುರೇ ಹೊಸ ನೆರಳು ಹಳೆಯದಕ್ಕಿಂತ ಚೆಂದವಾಗಿ ಬೀಳುತ್ತಿರುವಾಗ ಕೈ ಕಟ್ಟಿಕೊಂಡು ಹಳೆಯದಕ್ಕೇ ನಿಯತ್ತಾಗಿರುವುದಕ್ಕೆ ಒಂಥರಾ ಕಲ್ಲುಮನಸ್ಸು ಬೇಕು.

ಸಣ್ಣಪುಟ್ಟ ಕಟ್ಟುಪಾಡುಗಳೂ ಇದ್ದವು. ಕೆಂಪು ಅಂಗಿ ತೊಟ್ಟು ಬರಬಾರದು. ಬಿಸಿಲು ಅಂಗಿಯಿಂದ ಪುಟಿದು ಕ್ಯಾನ್ವಾಸಿಗೆ ಕೆಂಪು ಬಳಿಯುತ್ತದೆ. ಬಣ್ಣದ ಕೊಡೆಯೂ ಬೇಡ, ಅದೇ ಕಾರಣಕ್ಕೆ. ಕ್ಯಾನ್ವಾಸಿನ ಮೇಲೆ ನೇರ ಬಿಸಿಲು ಬೀಳಬಾರದು. ಬಿದ್ದರೆ ಬಣ್ಣವೆಲ್ಲ ಇರುವುದಕ್ಕಿಂತ ತಿಳಿಯಾಗಿ ಕಂಡು, ಕಣ್ಣು ಅದನ್ನು ನಂಬಿ ಗಾಢ ಬಣ್ಣ ಬಳಿಯುತ್ತಾ ಹೋಗುತ್ತದೆ. ಮನೆಯೊಳಗೆ ತಂದು ನೋಡಿದರೆ ಚಿತ್ರಕ್ಕೆ ಕರೆಂಟು ಹೋಗಿರುತ್ತದೆ.

ನಮ್ಮ ಕಡೆಯವರಿಗೆ ದೊಡ್ಡ ಪೆಟ್ಟು ಬಿದ್ದದ್ದು ಹಸಿರಿನಲ್ಲಿ. ಕಮರಿಯ ತುಂಬ ಓಕ್ ಮರ, ಪೊದೆ, ಬಳ್ಳಿ. ನೋಡಿದ ಕಡೆಯೆಲ್ಲ ಹಸಿರು. ನಾವು ಟ್ಯೂಬಿನ ಸ್ಯಾಪ್ ಗ್ರೀನ್, ವಿರಿಡಿಯನ್ ಹಿಂಡಿ ರೂಢಿಯಾದವರು. ಅಲ್ಲಿ ಮೊದಲ ದಿನವೇ ಎಲ್ಲರ ಪೆಟ್ಟಿಗೆಯಿಂದ ಹಸಿರು ಟ್ಯೂಬುಗಳನ್ನು ಹೊರಗೆ ತೆಗೆಸಿ ಒಂದು ಡಬ್ಬಕ್ಕೆ ಹಾಕಿಸಿದರು. ಬದಲಿಗೆ ಐವರಿ ಬ್ಲ್ಯಾಕ್ ಮತ್ತು ಹಳದಿ. ಕಪ್ಪಿನೊಳಗೆ ಅಡಗಿರುವ ನೀಲಿ ಛಾಯೆ ಹಳದಿಯ ಜೊತೆ ಸೇರಿದರೆ ಮಾಸಲು ಆಲಿವ್ ಹಸಿರು ಬರುತ್ತದೆ. ಹಳದಿ ಓಕರ್ ಹಾಕಿದರೆ ಒಣಹುಲ್ಲಿನ ಕಡೆಗೆ ವಾಲುತ್ತದೆ, ನಿಂಬೆ ಹಳದಿಯಾದರೆ ಚಿಗುರಿನ ಕಡೆಗೆ. ಚಿಟಿಕೆ ಕೆಂಪು ಬಿದ್ದರೆ ಹಸಿರು ಹಿಂದೆ ಸರಿದು ದೂರದ ಮರವಾಗುತ್ತದೆ. ಒಂದು ಕಮರಿಗೆ ಹತ್ತಾರು ಹಸಿರು ಕಲಸಿದ ಮೇಲೆ, ಟ್ಯೂಬಿನ ಹಸಿರು ಪ್ಲಾಸ್ಟಿಕ್ ಬಾಳೆಎಲೆಯ ಹಾಗೆ ಕಾಣತೊಡಗಿತು.

ಧಾರವಾಡದಲ್ಲಿ ಚಿತ್ರಕಲೆ ಕಲಿತ ಹುಡುಗಿಯೊಬ್ಬಳು ನಮ್ಮ ಗುಂಪಿನಲ್ಲಿದ್ದಳು. ಎಲ್ಲರೂ ಕಣಿವೆ, ಬೆಟ್ಟ ಅಂತ ಓಡುತ್ತಿದ್ದರೆ ಇವಳು ಊರೊಳಗೇ, ಗಾರೆ ಉದುರಿದ ಒಂದು ಮನೆಯ ಹಿಂಗೋಡೆಯೆದುರು ಬಿಡಾರ ಹೂಡಿದ್ದಳು. ಸಂಜೆ ವಿಡಿಯೊ ಕಾಲ್‌ನಲ್ಲಿ ಅವ್ವನಿಗೆ ಚಿತ್ರ ತೋರಿಸುವಾಗ ನಡೆದ ಮಾತು ಪಕ್ಕದಲ್ಲಿದ್ದ ನನಗೂ ಕೇಳಿತು.

‘ಅಲ್ಲವಾ, ಇಷ್ಟ್ ರೊಕ್ಕಾ ಬಡದು, ಅಷ್ಟ್ ದೂರ ಹೋಗಿ ಹಳೀ ಗ್ವಾಡಿ ಬರಿಯಾಕತ್ತೀಯಲ್ಲ, ನಮ್ಮ ಊರಾಗ ಗ್ವಾಡಿ ಇರಲಿಲ್ಲೇನು?’

‘ಗ್ವಾಡಿ ಅಲ್ಲಬೇ ಯವ್ವಾ, ಗ್ವಾಡಿ ಮ್ಯಾಲಿನ ಬಿಸಲು.’

ಅವ್ವ ಫೋನಿನಾಚೆ ಯಾರ ಕಡೆಗೋ ತಿರುಗಿ, ‘ಬಿಸಲಂತ ನೋಡ್ರಿ! ಧಾರವಾಡದಾಗ ಬಿಸಲಿಲ್ಲಂತ ಇಟಲಿಗೆ ಹೋಗ್ಯಾಳ ಇಕಿ!’ ಎಂದರು.

ತಾಯಿಯ ಪ್ರಶ್ನೆ ನ್ಯಾಯವಾದದ್ದೇ. ಹುಡುಗಿಯ ಪಕ್ಷಕ್ಕೂ ಒಬ್ಬ ಸಾಕ್ಷಿ ಇದ್ದಾನೆ. ವೇಲ್ಸ್‌ನ ಥಾಮಸ್ ಜೋನ್ಸ್ 1782ರ ಸುಮಾರಿಗೆ ನೇಪಲ್ಸ್‌ನಲ್ಲಿ ಕೂತು ಒಂದು ಮಾಸಲು ಗೋಡೆ ಬರೆದ: ಒಂದು ಕಿಟಕಿ, ಒಂದು ಬಾಲ್ಕನಿ, ಒಣಗಲು ಹಾಕಿದ ಬಟ್ಟೆ, ನೀರು ಸುರಿದ ಕಲೆ. ಅಷ್ಟೇ. ಅಳತೆ ಸುಮಾರು 11 x 16 ಸೆಂಟಿಮೀಟರ್, ಪೋಸ್ಟ್‌ಕಾರ್ಡಿಗಿಂತ ತುಸು ದೊಡ್ಡದು. ಇಂದು ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ವಿಸೂವಿಯಸ್ ಜ್ವಾಲಾಮುಖಿ ಬೆನ್ನ ಹಿಂದೆಯೇ ಇರುವ ಊರಿನಲ್ಲಿ ಅವನು ಗೋಡೆಯ ಕಡೆ ಮುಖ ಮಾಡಿ ಕೂತನಲ್ಲ, ಆ ಧೈರ್ಯ ನನಗೆ ದೊಡ್ಡದಾಗಿ ಕಾಣುತ್ತದೆ. ಅಂದವಾದ ನೋಟ ಆರಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು ಎಂಬ ಭ್ರಮೆ ಬರುತ್ತದೆ. ಗೋಡೆ ಆ ಭ್ರಮೆಗೆ ಎಡೆಗೊಡುವುದಿಲ್ಲ.

ಬೇಸಿಗೆ ತರಗತಿ ಎಂಬ ವ್ಯವಸ್ಥೆ ಯುರೋಪಿನ ಚಾಳಿಯಿಂದ ಶುರುವಾದರೂ ಅದಕ್ಕೆ ಶಾಲೆಯ ಶಿಸ್ತು ತಂದವರಲ್ಲಿ ಅಮೆರಿಕನ್ನರು ಮುಂದು. ವಿಲಿಯಂ ಮೆರಿಟ್ ಚೇಸ್ 1891ರಿಂದ 1902ರವರೆಗೆ ನ್ಯೂಯಾರ್ಕ್ ಬಳಿಯ ಶಿನೆಕಾಕ್ ಗುಡ್ಡಗಳಲ್ಲಿ ಇಂಥ ಶಾಲೆ ನಡೆಸಿದ. ಅದು ನಿಂತ ಮೇಲೆ ಹಾಲೆಂಡಿನ ಹಾರ್ಲೆಮ್, ಸ್ಪೇನಿನ ಮ್ಯಾಡ್ರಿಡ್, ಇಟಲಿಯ ಫ್ಲಾರೆನ್ಸ್ ಅಂತ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೇಸಿಗೆಗೊಂದು ದೇಶ ತಿರುಗಿದ. ಅವನ ಶಿಷ್ಯರಲ್ಲಿ ಹೆಂಗಸರೇ ಬಹಳ. ಪ್ಯಾರಿಸ್‌ನ ಸರ್ಕಾರಿ ಕಲಾಶಾಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1897ರಲ್ಲಿ ಎನ್ನುವುದನ್ನು ನೆನೆದರೆ, ಟೋಪಿ, ಉದ್ದ ಲಂಗ, ಕೊಡೆ ಸಮೇತ ಮರಳುಗುಡ್ಡದಲ್ಲಿ ಕೂತ ಆ ವಿದ್ಯಾರ್ಥಿನಿಯರ ಫೋಟೊಗಳು ಬೇರೆಯದೇ ಅರ್ಥ ಕೊಡುತ್ತವೆ. ಬಯಲಿಗೆ ಬಾಗಿಲಿರಲಿಲ್ಲ.

ಚೇಸ್‌ನ ಸಹಾಯಕನಾಗಿದ್ದ ಚಾರ್ಲ್ಸ್ ಹಾಥಾರ್ನ್ 1899ರಲ್ಲಿ ಪ್ರಾವಿನ್ಸ್‌ಟೌನ್‌ನ ಕಡಲತೀರದಲ್ಲಿ ತನ್ನದೇ ಶಾಲೆ ತೆರೆದ. ಅವನ ಒಂದು ಪಾಠ ಇಂದಿಗೂ ಬಳಕೆಯಲ್ಲಿದೆ. ಸೂರ್ಯನಿಗೆ ಬೆನ್ನು ಹಾಕಿ ನಿಂತ, ಮುಖವೆಲ್ಲ ಟೋಪಿಯ ನೆರಳಿನಲ್ಲಿ ಮುಳುಗಿದ ಮಾಡೆಲ್ಲು. ವಿದ್ಯಾರ್ಥಿಯ ಕೈಗೆ ಕುಂಚವಿಲ್ಲ, ಪುಟ್ಟಿ ಬಳಿಯುವ ಅಗಲ ಕರಣಿ. ಅದರಲ್ಲಿ ಕಣ್ಣು, ಮೂಗು ಬರೆಯಲು ಸಾಧ್ಯವೇ ಇಲ್ಲ. ನೆರಳಿನ ಮುಖಕ್ಕೊಂದು ಬಣ್ಣ, ಬಿಸಿಲು ತಾಗಿದ ಹೆಗಲಿಗೊಂದು, ಹಿಂದಿನ ನೀರಿಗೊಂದು. ಮೂರೂ ಪಕ್ಕಪಕ್ಕ ಸರಿಯಾಗಿ ಕೂತರೆ ಆ ಮನುಷ್ಯ ಬಿಸಿಲಿನಲ್ಲಿ ನಿಂತಿದ್ದಾನೆ ಎಂದು ನೋಡುವವರಿಗೆ ತಂತಾನೇ ಗೊತ್ತಾಗುತ್ತದೆ. ಈ ಚಿತ್ರಗಳಿಗೆ ‘ಮಣ್ಣುತಲೆಗಳು’ ಎಂದೇ ಹೆಸರು ಬಿತ್ತು. ನಮ್ಮಲ್ಲೂ ಊರಿನ ತಾತನೊಬ್ಬನನ್ನು ಕಟ್ಟೆಯ ಮೇಲೆ ಕೂರಿಸಿ ಈ ಪಾಠ ನಡೆಯಿತು. ಕೊನೆಗೆ ತಾತ ಎದ್ದುಬಂದು ಒಂದೊಂದೇ ಬೋರ್ಡು ನೋಡಿ, ತನಗೆ ಯಾರೂ ಮೂಗು ಕೊಡಲಿಲ್ಲವೆಂದು ಕೈಸನ್ನೆಯಲ್ಲೇ ತಕರಾರು ತೆಗೆದ.

ಇಂಥ ತರಗತಿಯ ನಿಜವಾದ ಪಾಠ ನಡೆಯುವುದು ವಾರಕ್ಕೊಮ್ಮೆಯ ವಿಮರ್ಶೆಯಲ್ಲಿ. ಹಳೆಯ ಉಗ್ರಾಣವೊಂದರ ಗೋಡೆಗೆ ಎಲ್ಲರ ಕೆಲಸವನ್ನೂ ಒರಗಿಸುತ್ತಾರೆ. ಹೆಸರಿಲ್ಲ, ಚೌಕಟ್ಟಿಲ್ಲ. ಗುರುಗಳು ಕೈಕಟ್ಟಿ ಅತ್ತಿಂದಿತ್ತ ನಡೆದು, ನಾವು ಅತಿ ಮೆಚ್ಚಿಕೊಂಡ ಚಿತ್ರದ ಮುಂದೆ ನಿಲ್ಲದೆ ಮುಂದೆ ಹೋಗಿ, ಅವಸರದಲ್ಲಿ ಬರೆದು ಮೂಲೆಗೆ ಎಸೆದಿದ್ದನ್ನು ಎತ್ತಿ ನಡುವೆ ಇಡುತ್ತಾರೆ. ಆಕಾಶ ಮತ್ತು ಬಂಡೆ ಸೇರುವ ಜಾಗದ ಒಂದಿಂಚು ತೋರಿಸಿ ಅದರ ಬಗ್ಗೆ ಕಾಲು ಗಂಟೆ ಮಾತು. ಹೊಗಳಿಕೆ ಅಪರೂಪ. ಮಿಕ್ಕವರ ಬೋರ್ಡು ನೋಡುವುದೇ ದೊಡ್ಡ ಕಲಿಕೆ: ಒಂದೇ ಬಂಡೆಯೆದುರು ಒಂದೇ ಹೊತ್ತಿಗೆ ಹದಿನೈದು ಜನ ಕೂತಿದ್ದರೂ ಹದಿನೈದು ಬಂಡೆ.

ಈ ಶಿಬಿರಗಳ ಜಾಹೀರಾತು ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. ದ್ರಾಕ್ಷಿತೋಟ, ಸೂರ್ಯಕಾಂತಿ ಹೊಲ, ವೈನ್ ಲೋಟದ ಪಕ್ಕ ಒಂದು ಸ್ಕೆಚ್‌ಬುಕ್ಕು. ಅದಕ್ಕೆ ಮರುಳಾಗಿ ಬರುವವರೂ ಇದ್ದಾರೆ. ಅವರು ಮೊದಲ ವಾರದಲ್ಲೇ ಪೆನ್ಸಿಲ್ಲಿಗೆ ಬೇಸತ್ತು ರೋಮ್ ನೋಡಲು ರೈಲು ಹತ್ತುತ್ತಾರೆ. ಶುಲ್ಕ, ವಿಮಾನ, ವೀಸಾ, ವಸತಿ ಸೇರಿದರೆ ಕೆಲವು ಲಕ್ಷ ಮುಗಿಯುವ ಮಾತು. ಅಷ್ಟು ತೆರುವವರು ಮನೆಗೆ ಹತ್ತು ಸುಂದರ ಚಿತ್ರ ಒಯ್ಯಬೇಕೆಂದು ಬಯಸುವುದು ಸಹಜ. ಆದರೆ ಒಳ್ಳೆಯ ತರಗತಿ ಸುಂದರ ಚಿತ್ರ ಮಾಡಿಸುವುದಿಲ್ಲ. ಸಂಗೀತಗಾರರ ಬೆಳಗಿನ ರಿಯಾಜಿನಂತೆ ಇದು ಯಾರಿಗೂ ಕೇಳಿಸಬೇಕಾಗಿಲ್ಲದ ಕೆಲಸ. ಕೊರೊ ತನ್ನ ಇಟಲಿಯ ಅಧ್ಯಯನಗಳನ್ನು ಮಾರಾಟದ ಸರಕೆಂದು ನೋಡಲೇ ಇಲ್ಲ. ಬದುಕಿಡೀ ಸ್ಟುಡಿಯೊದಲ್ಲಿ ಇಟ್ಟುಕೊಂಡು, ಸ್ನೇಹಿತರಿಗೆ ಎರವಲು ಕೊಡುತ್ತಿದ್ದ.

ನಾರ್ನಿಯ ಸೇತುವೆಯ ಕತೆ ಕೇಳಬೇಕು. ಅಗಸ್ಟಸ್ ಕಾಲದ ಮುರಿದ ಸೇತುವೆ ಅದು, ಚಿವಿತಾ ಕಸ್ತೆಲ್ಲಾನಾದಿಂದ ಇನ್ನಷ್ಟು ಉತ್ತರಕ್ಕೆ. ಕೊರೊ 1826ರಲ್ಲಿ ನದಿಪಾತ್ರದ ಮೇಲೆ ಕೂತು ಕಾಗದದ ಮೇಲೆ ಎಣ್ಣೆಬಣ್ಣದಲ್ಲಿ ಅದನ್ನು ಬರೆದ. ಮುಂಭಾಗದಲ್ಲಿ ಕೆಸರು, ಮರಳು, ಸವೆದ ದಂಡೆ. ಯಾವುದನ್ನೂ ಚೊಕ್ಕ ಮಾಡಿಲ್ಲ. ಮರುವರ್ಷದ ಪ್ಯಾರಿಸ್ ಸಲೋನ್ ಪ್ರದರ್ಶನಕ್ಕೆ ಇದನ್ನೇ ಇಟ್ಟುಕೊಂಡು ದೊಡ್ಡ ಕ್ಯಾನ್ವಾಸು ಕಟ್ಟಿದ. ಅಲ್ಲಿ ಕೆಸರಿನ ಜಾಗಕ್ಕೆ ಸಮತಟ್ಟು ದಾರಿ ಬಂತು, ಕುರಿ-ಆಡು ಬಂದವು, ಪಕ್ಕದಲ್ಲಿ ಮರ ನಿಂತಿತು. ಆ ಕಾಲದವರು ಒಪ್ಪುವಂತೆ ಎಲ್ಲ ಅಚ್ಚುಕಟ್ಟು. ದೊಡ್ಡದು ಈಗ ಕೆನಡಾದ ಒಟ್ಟಾವಾದಲ್ಲಿದೆ, ಸಣ್ಣದು ಲೂವ್ರ್‌ನಲ್ಲಿ. ಎರಡರ ಅಚ್ಚುಗಳನ್ನು ಪಕ್ಕಪಕ್ಕ ಇಟ್ಟು ಕೇಳಿದರೆ ಇಂದಿನ ಯಾವ ಚಿತ್ರಕಾರನೂ ಕೆಸರಿನದ್ದಕ್ಕೇ ಕೈ ತೋರಿಸುತ್ತಾನೆ. ನನ್ನ ಮತವೂ ಅದಕ್ಕೇ. ಆದರೂ ಕೊರೊನನ್ನು ದೂರಲಾರೆ. ಲೂವ್ರ್‌ಗೆ ತಾನೇ ಉಯಿಲು ಬರೆದುಕೊಟ್ಟದ್ದು ಫೋರಮ್ ಮತ್ತು ಕೊಲೋಸಿಯಂನ ಆ ಎರಡು ಹೊರಾಂಗಣ ಅಧ್ಯಯನಗಳನ್ನು. ಬೆಲೆ ಯಾವುದಕ್ಕೆಂದು ಅವನಿಗೂ ಗೊತ್ತಿತ್ತು.

ಸಾಮಾನಿನ ಸಂಗತಿ ಎರಡು ಮಾತಿನಲ್ಲಿ ಹೇಳುತ್ತೇನೆ, ಹೋಗುವವರಿಗೆ ಅನುಕೂಲವಾದೀತು. ಕೊರೊನ ಕಾಲದಲ್ಲಿ ಅರೆದ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ತುಂಬಿ ಕಟ್ಟುತ್ತಿದ್ದರು. ಮೊಳೆಯಲ್ಲಿ ಚುಚ್ಚಿ ಹಿಂಡಬೇಕು, ಮತ್ತೆ ತೂತು ಮುಚ್ಚಬೇಕು. ಹಿಂಡುವ ಲೋಹದ ಟ್ಯೂಬು ಬಂದದ್ದು 1841ರಲ್ಲಿ, ಜಾನ್ ಗೋಫ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಕಾರನ ಪೇಟೆಂಟು. ಈಗಿನ ತಾಪತ್ರಯ ವಿಮಾನದ್ದು. ಟರ್ಪೆಂಟೈನ್ ಬೆಂಕಿ ಹತ್ತುವ ವಸ್ತು, ಲಗೇಜಿನಲ್ಲೂ ಒಯ್ಯುವಂತಿಲ್ಲ, ಅಲ್ಲಿಯೇ ಕೊಳ್ಳಬೇಕು. ರೋಮ್‌ನಲ್ಲಿ ಪಾಂಥಿಯಾನ್ ಹತ್ತಿರದ ಪೊಜ್ಜಿ ಅಂಗಡಿ 1825ರಿಂದ ಬಣ್ಣ ಮಾರುತ್ತಿದೆ, ಕೊರೊ ಬಂದ ವರ್ಷದಿಂದ. ಕ್ಯಾನ್ವಾಸಿನ ಬದಲು ಪ್ರೈಮರ್ ಹಚ್ಚಿದ ದಪ್ಪ ಕಾಗದ ಒಯ್ಯಿರಿ. ಹಗುರ, ಅಗ್ಗ, ಬೇಕೆಂದರೆ ಆಮೇಲೆ ಬಟ್ಟೆಗೆ ಅಂಟಿಸಬಹುದು. ಹಳಬರು ಮಾಡುತ್ತಿದ್ದದ್ದೂ ಅದನ್ನೇ.

ವಾಪಸು ಬಂದ ಮೇಲೆ ಗೊತ್ತಾಗುವ ಒಂದು ವಿಷಯವನ್ನು ಅಲ್ಲಿ ಯಾರೂ ಹೇಳಿಕೊಡುವುದಿಲ್ಲ. ವಲಾನ್ಸಿಯೆನ್‌ನ ಎರಡು ಗಂಟೆ ಬೆಂಗಳೂರಿಗೆ ಹೊಂದುವುದಿಲ್ಲ. ರೋಮ್ ಇರುವುದು 42 ಡಿಗ್ರಿ ಅಕ್ಷಾಂಶದಲ್ಲಿ. ಬೇಸಿಗೆಯಲ್ಲಿ ಅಲ್ಲಿನ ಸೂರ್ಯ ಓರೆಯಾಗಿ, ಸಾವಕಾಶ ಏರುತ್ತಾನೆ; ನಡುಮಧ್ಯಾಹ್ನವೂ ನೆತ್ತಿ ಮುಟ್ಟುವುದಿಲ್ಲ, ಗೋಡೆಗೆ ಒಂದಿಷ್ಟು ನೆರಳು ಉಳಿದೇ ಇರುತ್ತದೆ. ಬೆಂಗಳೂರು 13 ಡಿಗ್ರಿಯಲ್ಲಿದೆ. ಇಲ್ಲಿ ಸೂರ್ಯ ಏಣಿ ಹತ್ತಿದ ಹಾಗೆ ನೆಟ್ಟಗೆ ಮೇಲೇರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲೊಂದು ದಿನ, ಆಗಸ್ಟ್‌ನಲ್ಲಿ ಇನ್ನೊಂದು ದಿನ ನೆರಳು ಕಾಲಡಿಗೇ ಬಿದ್ದು ಮಾಯವಾಗುತ್ತದೆ. ಶೂನ್ಯ ನೆರಳಿನ ದಿನವೆಂದು ಶಾಲಾಮಕ್ಕಳು ಕೋಲು ನೆಟ್ಟು ನೋಡುವುದು ಅದನ್ನೇ. ಹಾಗಾಗಿ ಬೇಸಿಗೆಯ ಲಾಲ್‌ಬಾಗಿನಲ್ಲಿ ಓರೆಬಿಸಿಲು ಸಿಗುವುದು ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು. ಎಂಟೂವರೆಗೆಲ್ಲ ಮರಗಳು ಚಪ್ಪಟೆಯಾಗುತ್ತವೆ.

ಈ ಬಿಸಿಲಿನಲ್ಲೇ ಕೂತು ಬೆಂಗಳೂರನ್ನು ಬರೆದವರು ರುಮಾಲೆ ಚನ್ನಬಸವಯ್ಯ, 1910ರಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಎಲ್ಲವನ್ನೂ ಕಂಡು, 1960ರ ದಶಕದಲ್ಲಿ ಮತ್ತೆ ಬಣ್ಣಕ್ಕೆ ಮರಳಿ, 1988ರಲ್ಲಿ ತೀರಿಕೊಳ್ಳುವವರೆಗೂ ಈ ಊರಿನ ಹೂಬಿಟ್ಟ ಮರಗಳ ಬೆನ್ನು ಹತ್ತಿದರು. ಅವರ ಗುಲ್‌ಮೊಹರ್ ನೋಡಿ: ನೆರಳಿನ ಮೇಲೆ ಭರವಸೆ ಇಟ್ಟ ಚಿತ್ರವಲ್ಲ ಅದು. ಬಣ್ಣದ ಪಕ್ಕ ಬಣ್ಣ, ಕೆಂಪಿನ ಪಕ್ಕ ನೇರಳೆ, ಕುಂಚದ ತುಂಡು ತುಂಡು ಏಟು. ಕೊರೊ ಬೆಳಕು-ನೆರಳಿನ ಎರಡು ತೂಕದಲ್ಲಿ ಕಟ್ಟಿದ ಬಂಡೆಯನ್ನು ನೋಡಿ ಬಂದ ಕಣ್ಣಿಗೆ ಇದು ಮೊದಲು ಗದ್ದಲ ಅನ್ನಿಸುತ್ತದೆ. ಮೇ ತಿಂಗಳ ಹತ್ತು ಗಂಟೆಗೆ ಆ ಮರಗಳ ಕೆಳಗೆ ನಿಂತು ನೋಡಿದರೆ, ನೆತ್ತಿಯ ಬೆಳಕಿಗೆ ಇದಕ್ಕಿಂತ ಸರಿಯಾದ ಲೆಕ್ಕ ಇನ್ನೊಂದಿಲ್ಲ ಅನ್ನಿಸತೊಡಗುತ್ತದೆ. 1949-50ರಲ್ಲಿ ಪ್ಯಾರಿಸ್‌ನ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತು ಬಂದ ನಮ್ಮ ಕೆ.ಕೆ. ಹೆಬ್ಬಾರರೂ ಆಮೇಲೆ ಬರೆದದ್ದು ಪ್ಯಾರಿಸ್‌ನ ಬೆಳಕನ್ನಲ್ಲ.

ಧಾರವಾಡದ ಹುಡುಗಿ ಈಗ ಭಾನುವಾರ ಬೆಳಗ್ಗೆ ಆರೇಳು ಜನರನ್ನು ಸಾಧನಕೇರಿಯ ದಂಡೆಗೆ ಕರೆದೊಯ್ಯುತ್ತಾಳೆ. ಶುಲ್ಕವಿಲ್ಲ, ಚಹಾ ಖರ್ಚು ಹಂಚಿಕೊಂಡರೆ ಸಾಕು. ಅವಳ ಷರತ್ತು ಎರಡೇ: ಏಳಕ್ಕೆ ಕುಂಚ ಹಿಡಿದು ಎಂಟಕ್ಕೆ ಕೆಳಗಿಡಬೇಕು, ಮತ್ತೆ ಹಸಿರು ಟ್ಯೂಬು ಮನೆಯಲ್ಲೇ ಬಿಟ್ಟು ಬರಬೇಕು. ಎರಡನೆಯದಕ್ಕೆ ಬಂದವರೆಲ್ಲ ಇನ್ನೂ ಗೊಣಗುತ್ತಿದ್ದಾರಂತೆ.